ಹೊಸ ಬಿಸಿನೀರಿನ ಬಾಯ್ಲರ್ ಮೊದಲ ಸಲ ಹೊತ್ತಿಸುವಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಹೋಟೆಲ್, ಹಾಸ್ಟೆಲ್, ಆಸ್ಪತ್ರೆ, ರೆಸಾರ್ಟ್‌ಗಳಲ್ಲಿ ಕೂರಿಸುವ 50ರಿಂದ 300 ಕಿಲೋವ್ಯಾಟ್‌ವರೆಗಿನ ಬಿಸಿನೀರಿನ ಬಾಯ್ಲರ್‌ಗಳ ಬಗ್ಗೆ ಈ ಬರಹ. ಇಂಧನ ಡೀಸೆಲ್, ಎಲ್‌ಪಿಜಿ ಅಥವಾ ಪಿಎನ್‌ಜಿ (ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ). ಬಾಯ್ಲರಿನ ನೀರು ಮುಚ್ಚಿದ ಪೈಪ್ ಸುತ್ತಿನಲ್ಲೇ ತಿರುಗುತ್ತಿರುತ್ತದೆ. ಕ್ಯಾಲೊರಿಫೈಯರ್ (ಒಳಗಿನ ಸುರುಳಿಯಿಂದ ನೀರು ಕಾಯಿಸುವ ತೊಟ್ಟಿ) ಅಥವಾ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ಲೋಹದ ತಗಡುಗಳ ಮೂಲಕ ಶಾಖ ದಾಟಿಸುವ ಸಾಧನ) ಮೂಲಕ ಅದರ ಶಾಖ ಮಾತ್ರ ನಲ್ಲಿಯ ನೀರಿಗೆ ಹೋಗುತ್ತದೆ.

ಉಗಿ ಬಾಯ್ಲರ್‌ಗೆ ಇದನ್ನು ಬಳಸಬೇಡಿ. ಅದು ಬಾಯ್ಲರ್ ಕಾಯ್ದೆಯ ಕೆಳಗೆ ಬರುತ್ತದೆ. 1923ರ ಹಳೆಯ ಕಾಯ್ದೆಯ ಜಾಗಕ್ಕೆ ಈಗ 2025ರ ಕಾಯ್ದೆ ಬಂದಿದೆ. ಕರ್ನಾಟಕದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಪರಿಶೀಲನೆ, ಪ್ರಮಾಣಪತ್ರ ಆಗದೆ ಉಗಿ ಬಾಯ್ಲರ್‌ಗೆ ಬೆಂಕಿ ಹಾಕುವಂತಿಲ್ಲ. ನೀರನ್ನು 100 ಡಿಗ್ರಿಗಿಂತ ಕೆಳಗೇ ಕಾಯಿಸುವ ಬಾಯ್ಲರ್‌ಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಇಲ್ಲಿ ಹೊರಗಿನಿಂದ ಬಂದು ತಡೆಯುವವರು ಯಾರೂ ಇರುವುದಿಲ್ಲ. ತಪಾಸಣೆಯ ಹೊಣೆ ಪೂರ್ತಿ ನಿಮ್ಮದೇ.

ಮೊದಲ ದಿನ ಕಾಣುವ ತೊಂದರೆಗಳಲ್ಲಿ ಬಹುಪಾಲಿನ ಮೂಲ ಬಾಯ್ಲರಿನ ಹೊರಗಿರುತ್ತದೆ: ಪೈಪಿನಲ್ಲಿ ಉಳಿದ ಗಾಳಿ, ಅರ್ಧ ತೆರೆದ ವಾಲ್ವ್, ಅರ್ಥಿಂಗ್ ಸಿಗದ ನ್ಯೂಟ್ರಲ್, ಬೇರೆ ಇಂಧನಕ್ಕೆ ಹೊಂದಿಸಿ ಕಳಿಸಿದ ಬರ್ನರ್. ಆದರೆ ಎಲ್ಲರ ಕೈ ಮೊದಲು ಹೋಗುವುದು ಬರ್ನರಿನ ಕೆಂಪು ರೀಸೆಟ್ ಬಟನ್ ಮೇಲೆ. ಅಪಾಯ ಶುರುವಾಗುವುದೂ ಅಲ್ಲೇ.

ಇವು ಕಂಡರೆ ಮುಂದೆ ಓದಬೇಡಿ, ಹೊರಗೆ ಬನ್ನಿ

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ; ಎರಡರಲ್ಲೂ ಕಿಡಿ ಏಳುತ್ತದೆ. ಹೊರಗಿನ ಮುಖ್ಯ ಗ್ಯಾಸ್ ವಾಲ್ವ್ ಮುಚ್ಚಿ, ಬಾಗಿಲು ತೆರೆದಿಟ್ಟು ಹೊರಬನ್ನಿ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೆಲಕ್ಕೆ ಇಳಿದು ಚರಂಡಿ, ಕೇಬಲ್ ಟ್ರೆಂಚ್, ಸಂಪ್‌ನಲ್ಲಿ ನಿಲ್ಲುತ್ತದೆ. ಮೂಗಿನ ಮಟ್ಟದಲ್ಲಿ ವಾಸನೆ ಕಡಿಮೆಯಾಯಿತೆಂದು ಒಳಗೆ ಕಾಲಿಡಬೇಡಿ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಎಲ್‌ಪಿಜಿ ಸೋರಿಕೆಗೆ ಸಹಾಯವಾಣಿ 1906, ಬೆಂಕಿಯಾದರೆ 112.

ಬಾಯ್ಲರ್ ಕೋಣೆಯಲ್ಲಿ ಇರುವವರಿಗೆ ತಲೆನೋವು, ವಾಕರಿಕೆ, ಕಾಲಿನ ನಿಶ್ಶಕ್ತಿ ಕಂಡರೆ ಕಾರ್ಬನ್ ಮಾನಾಕ್ಸೈಡ್ ಎಂದೇ ತಿಳಿಯಿರಿ. ಅದಕ್ಕೆ ವಾಸನೆ ಇಲ್ಲ. ಮೊದಲ ಉರಿಗೆ ಮುನ್ನ ಕೋಣೆಯಲ್ಲಿ ಅದರ ಅಲಾರಂ ಇರಬೇಕು. ಕೋಣೆಯ ಗಾಳಿಯಲ್ಲಿ ಅದು ಸೊನ್ನೆ ತೋರಿಸಬೇಕು. 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಭಾಗ) ದಾಟಿದರೆ ಬರ್ನರ್ ಬಂದ್, ಎಲ್ಲರೂ ಹೊರಗೆ.

ಬಾಯ್ಲರಿನಲ್ಲಿ ನೀರು ಕಡಿಮೆಯಾಗಿ ಒಡಲು ಕಾದಿದ್ದರೆ ತಣ್ಣೀರು ಬಿಡಬೇಡಿ. ಕಾದ ಉಕ್ಕು ಬಿರಿಯುತ್ತದೆ, ನೀರು ಒಮ್ಮೆಗೇ ಉಗಿಯಾಗುತ್ತದೆ. ಬರ್ನರ್ ಆರಿಸಿ, ತಾನಾಗಿ ತಣಿಯಲು ಬಿಡಿ.

ನೀರು ತುಂಬಿದರೂ ಗೇಜಿನ ಮುಳ್ಳು ನಿಲ್ಲುತ್ತಿಲ್ಲ

ತಣ್ಣಗಿರುವಾಗ ಒತ್ತಡ ಎಷ್ಟಿರಬೇಕೆಂದು ಮೊದಲು ಲೆಕ್ಕ ಹಾಕಿ. ಸುತ್ತಿನ ಅತಿ ಎತ್ತರದ ಪೈಪ್ ಗೇಜಿಗಿಂತ 12 ಮೀಟರ್ ಮೇಲಿದ್ದರೆ, 10 ಮೀಟರಿಗೆ 1 ಬಾರ್‌ನಂತೆ 1.2 ಬಾರ್. ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸೆಲ್‌ನ ಗಾಳಿ ಒತ್ತಡ ಅದಕ್ಕಿಂತ 0.2 ಹೆಚ್ಚು, ಅಂದರೆ 1.4. ನೀರು ತುಂಬುವುದು ಅದಕ್ಕಿಂತ 0.3 ಹೆಚ್ಚಿಗೆ, ಅಂದರೆ 1.7. ಈ ಮೂರೂ ಅಂಕಿಗಳನ್ನು ಪ್ಯಾನೆಲ್ ಬಾಗಿಲ ಮೇಲೆ ಬರೆದು ಅಂಟಿಸಿ. ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಸಿಗುತ್ತದೆ.

ತುಂಬಿದ ಮೇಲೆ ಮುಳ್ಳು ನಿಧಾನವಾಗಿ ಇಳಿದರೆ, ಸೋರಿಕೆ ಎನ್ನುವ ಮೊದಲು ಗಾಳಿ ಬಿಡಿಸಿ. ಎತ್ತರದ ಏರ್ ವೆಂಟ್‌ಗಳ ಪುಟ್ಟ ಕ್ಯಾಪ್ ಒಂದೆರಡು ಸುತ್ತು ಸಡಿಲಿರಬೇಕು. ಬಿಗಿಯಾಗಿದ್ದರೆ ಆ ವೆಂಟ್ ಇದ್ದೂ ಇಲ್ಲದಂತೆ. ಪಂಪ್ ನಿಲ್ಲಿಸಿ, ಕೆಳಗಿನಿಂದ ನಿಧಾನ ನೀರು ಬಿಡುತ್ತಾ ಒಂದೊಂದೇ ಎತ್ತರದ ಬಿಂದುವಿನಿಂದ ಗಾಳಿ ಹೊರಹಾಕಿ. ತಣ್ಣೀರಿನಲ್ಲಿ ಕರಗಿದ ಗಾಳಿಯೂ ಕಾಯಿಸಿದ ಮೇಲೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲ ಕೆಲವು ದಿನ 0.1–0.2 ಬಾರ್ ಇಳಿದು, ಒಂದೆರಡು ಸಲ ನೀರು ಸೇರಿಸಬೇಕಾಗಿ ಬಂದರೆ ಗಾಬರಿ ಬೇಡ. ವಾರ ಕಳೆದರೂ ಸೇರಿಸುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ. ಮೇಕಪ್ ಲೈನಿಗೆ (ಕಡಿಮೆಯಾದ ನೀರು ಸೇರಿಸುವ ಪೈಪಿಗೆ) ಒಂದು ಸಣ್ಣ ನೀರಿನ ಮೀಟರ್ ಹಾಕಿಸಿ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಬಂದು ಬಾಯ್ಲರನ್ನು ಒಳಗಿನಿಂದ ತಿನ್ನುತ್ತದೆ.

ಕೊಳವೆಬಾವಿಯ ಗಡಸು ನೀರನ್ನು ನೇರ ತುಂಬಬೇಡಿ. ಹೊಸ ಸಾಫ್ಟ್‌ನರ್ ಕೂರಿಸಿದ ದಿನವೇ ಮೆದು ನೀರು ಕೊಡುತ್ತದೆಂಬ ನಂಬಿಕೆಯೂ ಬೇಡ. ಒಮ್ಮೆ ಉಪ್ಪಿನಿಂದ ರೀಜನರೇಟ್ ಮಾಡಿ, ಟೆಸ್ಟ್ ಕಿಟ್‌ನಲ್ಲಿ ನೀರಿನ ಬಣ್ಣ ಕೆಂಪಿನಿಂದ ನೀಲಿಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ತುಂಬಿ. ಅದಕ್ಕೂ ಮೊದಲು ಪೈಪುಗಳನ್ನು ಬಾಯ್ಲರಿನಿಂದ ಬೇರ್ಪಡಿಸಿ ಜೋರು ನೀರಿನಲ್ಲಿ ತೊಳೆದಿರಬೇಕು. ವೆಲ್ಡಿಂಗ್ ಚೂರು, ಮರಳು, ಟೆಫ್ಲಾನ್ ಟೇಪಿನ ತುಂಡು ಹೊರಬರದೆ ಇರುವುದಿಲ್ಲ.

ಸ್ವಿಚ್ ಹಾಕಿದರೂ ಬರ್ನರ್ ಅಲುಗುತ್ತಿಲ್ಲ, ಕೆಂಪು ದೀಪವೂ ಇಲ್ಲ

ಬರ್ನರ್ ಇನ್ನೂ ಅನುಮತಿಗೆ ಕಾಯುತ್ತಿದೆ ಎಂದರ್ಥ. ಖರ್ಚಿಲ್ಲದ್ದರಿಂದ ಶುರು ಮಾಡಿ: ಎಮರ್ಜೆನ್ಸಿ ಸ್ಟಾಪ್ ಒತ್ತಿಯೇ ಇದೆಯೇ, ಥರ್ಮೋಸ್ಟಾಟ್ ನೀರಿನ ಈಗಿನ ಉಷ್ಣತೆಗಿಂತ ಮೇಲಿದೆಯೇ, ನೀರು ಅತಿಯಾಗಿ ಕಾದರೆ ಬರ್ನರ್ ಆರಿಸುವ ಹೈ ಲಿಮಿಟ್‌ನ ಕೈ ರೀಸೆಟ್ ಗುಂಡಿ ಜಿಗಿದಿದೆಯೇ (ಸಾಗಣೆಯ ಕುಲುಕಾಟಕ್ಕೇ ಅದು ಜಿಗಿಯುವುದುಂಟು), ನೀರಿನ ಮಟ್ಟದ ಸ್ವಿಚ್ ಒಪ್ಪಿಗೆ ಕೊಟ್ಟಿದೆಯೇ, ಪಂಪ್ ಓಡಿ, ನೀರಿನ ಹರಿವು ಗುರುತಿಸುವ ಫ್ಲೋ ಸ್ವಿಚ್ ತಿರುಗಿದೆಯೇ, ಗ್ಯಾಸ್ ಬರ್ನರ್ ಆದರೆ ಕನಿಷ್ಠ ಗ್ಯಾಸ್ ಒತ್ತಡದ ಸ್ವಿಚ್‌ಗೆ ಒತ್ತಡ ಸಿಕ್ಕಿದೆಯೇ.

ಪಂಪ್ ಓಡುತ್ತಿದ್ದೂ ಫ್ಲೋ ಸ್ವಿಚ್ ಒಪ್ಪದಿದ್ದರೆ ಪಂಪಿನ ದಿಕ್ಕು ನೋಡಿ. ಮೂರು ಫೇಸ್ ಪಂಪ್ ತಿರುಗುಮುರುಗಾಗಿಯೂ ಸ್ವಲ್ಪ ನೀರು ತಳ್ಳುತ್ತದೆ, ಅದೇ ಮೋಸ. ಮೈಮೇಲಿನ ಬಾಣದ ಗುರುತಿಗೆ ಹೊಂದದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಎರಡು ಫೇಸ್ ಅದಲು ಬದಲು ಮಾಡಿಸಿ. ಬರ್ನರಿನ ಫ್ಯಾನ್ ಮೂರು ಫೇಸಿನದಾದರೆ ಅದಕ್ಕೂ ಇದೇ ಪರೀಕ್ಷೆ.

ಯಾವುದೇ ಸ್ವಿಚ್ಚಿಗೆ ವೈರ್ ತುಂಡು ಹಾಕಿ ಶಾರ್ಟ್ ಮಾಡಿ "ಈಗ ನೋಡೋಣ" ಎನ್ನುವವರನ್ನು ಅಲ್ಲೇ ತಡೆಯಿರಿ. ಆ ವೈರ್ ತುಂಡು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ಫ್ಯಾನ್ ತಿರುಗುತ್ತದೆ, ಕಿಡಿ ಸದ್ದೂ ಬರುತ್ತದೆ, ಬೆಂಕಿ ಮಾತ್ರ ಇಲ್ಲ

ಇಂಧನ ತಲುಪಿಲ್ಲ. ಎರಡು ಲಾಕೌಟ್ (ಬರ್ನರ್ ತಾನಾಗಿ ನಿಂತು, ರೀಸೆಟ್ ಒತ್ತುವವರೆಗೆ ಕೆಂಪು ದೀಪ ತೋರಿಸುವುದು) ಆದ ಮೇಲೆ ಮೂರನೇ ಸಲ ರೀಸೆಟ್ ಒತ್ತಬೇಡಿ. ಉರಿಯದ ಪ್ರತಿ ಪ್ರಯತ್ನದಲ್ಲೂ ಸ್ವಲ್ಪ ಡೀಸೆಲ್ ಕುಲುಮೆಯ ನೆಲಕ್ಕೆ ಬಿದ್ದಿರಬಹುದು. ಕೊನೆಗೊಮ್ಮೆ ಹೊತ್ತಿದಾಗ ಅಷ್ಟೂ ಒಮ್ಮೆಗೇ ಹೊತ್ತಿಕೊಳ್ಳುತ್ತದೆ, ಬಾಗಿಲು ಕಿತ್ತು ಬರುವಷ್ಟು ಜೋರಾಗಿ.

ಡೀಸೆಲ್‌ನಲ್ಲಿ: ಟ್ಯಾಂಕಿನಲ್ಲಿ ಇಂಧನವಿದೆಯೇ, ಎಲ್ಲ ವಾಲ್ವ್ ತೆರೆದಿವೆಯೇ, ಎರಡು ಪೈಪಿನ ವ್ಯವಸ್ಥೆಯಲ್ಲಿ ರಿಟರ್ನ್ ವಾಲ್ವ್ ತೆರೆದಿದೆಯೇ ನೋಡಿ. ರಿಟರ್ನ್ ಮುಚ್ಚಿದ್ದರೆ ಪಂಪಿನ ಸೀಲ್ ಹೋಗುತ್ತದೆ. ಹೊಸ ಲೈನ್ ತುಂಬ ಗಾಳಿ ಇರುತ್ತದೆ. ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಬಾಟಲಿ ಹಿಡಿದು, ಗುಳ್ಳೆಯಿಲ್ಲದೆ ಡೀಸೆಲ್ ಬರುವವರೆಗೆ ಬಿಡಿ. ಡೀಸೆಲ್ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ, ಒಣಗಿಸಿ ಓಡಿಸಬೇಡಿ. ಗುಳ್ಳೆ ನಿಲ್ಲದಿದ್ದರೆ ಸಕ್ಷನ್ ಕಡೆಯ ಜೋಡಣೆ ಗಾಳಿ ಎಳೆಯುತ್ತಿದೆ. ಅಲ್ಲಿ ಹೊರಗೆ ತೊಟ್ಟಿಕ್ಕುವುದಿಲ್ಲ, ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಪಂಪಿಗೆ ಗೇಜ್ ಹಾಕಿದರೆ ಸಾಮಾನ್ಯವಾಗಿ 10–14 ಬಾರ್ ತೋರಿಸಬೇಕು. ನಿಖರ ಅಂಕಿ ಆ ಬರ್ನರಿನ ಹಾಳೆಯಲ್ಲಿರುತ್ತದೆ. ಒತ್ತಡ ಸರಿಯಿದ್ದೂ ಹೊತ್ತದಿದ್ದರೆ ನಾಜಲ್, ಸೊಲೆನಾಯ್ಡ್, ಎಲೆಕ್ಟ್ರೋಡ್ ಸಂದು ನೋಡಬೇಕು. ಸಂದು ಹೆಚ್ಚಾಗಿ 3–4 ಮಿಲಿಮೀಟರ್. ಇಷ್ಟು ಹೊತ್ತಿಗೆ ಬರ್ನರ್ ಎಂಜಿನಿಯರ್ ಅಲ್ಲಿರಬೇಕು.

ಗ್ಯಾಸ್‌ನಲ್ಲಿ: ಸಿಲಿಂಡರ್ ವಾಲ್ವನ್ನು ಒಮ್ಮೆಗೇ ತಿರುಗಿಸಿದರೆ ಅತಿಹರಿವು ತಡೆಯುವ ವಾಲ್ವ್ ಮುಚ್ಚಿಕೊಂಡು ಲೈನ್ ಖಾಲಿಯೇ ಉಳಿಯುತ್ತದೆ. ಮುಚ್ಚಿ, ಕಾದು, ನಿಧಾನ ತೆರೆಯಿರಿ. ಹೊಸ ಲೈನಿನ ಗಾಳಿಯನ್ನು ತರಬೇತಾದವರೇ ಬೀಡಿ–ಸಿಗರೇಟು, ಸ್ವಿಚ್ಚುಗಳಿಂದ ದೂರ, ಕಟ್ಟಡದ ಹೊರಗೆ ಬಿಡಬೇಕು. ಬಾಯ್ಲರ್ ಕೋಣೆಗೆ ಬಿಡುವುದೂ ತಪ್ಪು, ರೀಸೆಟ್ ಒತ್ತಿ ಒತ್ತಿ ಕುಲುಮೆಯ ಮೂಲಕ ಹೊರದಬ್ಬುವುದೂ ತಪ್ಪು. ಜೋಡಣೆಗಳ ಸೋರಿಕೆ ನೋಡಲು ಸೋಪಿನ ನೀರು ಸಾಕು.

ಹೊತ್ತುತ್ತದೆ, ಮೂರ್ನಾಲ್ಕು ಸೆಕೆಂಡಿಗೆ ಆರುತ್ತದೆ

ಮೊದಲ ದಿನದ ದೂರುಗಳಲ್ಲಿ ಅತಿ ಹೆಚ್ಚು ತಪ್ಪು ರಿಪೇರಿಯಾಗುವುದು ಇದು. ಬೆಂಕಿ ಇದೆ, ಆದರೆ ಕಂಟ್ರೋಲರ್‌ಗೆ ಅದು ಕಾಣುತ್ತಿಲ್ಲ. ಕಾಣದಿದ್ದರೆ ಇಂಧನ ಬಂದ್ ಮಾಡುವುದು ಅದರ ಕರ್ತವ್ಯ.

ಗ್ಯಾಸ್ ಬರ್ನರಿನಲ್ಲಿ ಜ್ವಾಲೆಯೊಳಗಿನ ಒಂದು ಕಡ್ಡಿಯ ಮೂಲಕ ಕೆಲವೇ ಮೈಕ್ರೋಆಂಪಿಯರ್ ಕರೆಂಟ್ ಜ್ವಾಲೆಯನ್ನು ದಾಟಿ ಬರ್ನರಿನ ಲೋಹಕ್ಕೆ, ಅಲ್ಲಿಂದ ಅರ್ಥ್ ಮೂಲಕ ನ್ಯೂಟ್ರಲ್‌ಗೆ ಮರಳಬೇಕು. ಈ ದಾರಿ ಕಡಿದರೆ ಬೆಂಕಿ ಎಷ್ಟೇ ಚೆನ್ನಾಗಿದ್ದರೂ ಲಾಕೌಟ್. ಆದ್ದರಿಂದ ಮೊದಲು ನೋಡಬೇಕಾದ್ದು ಫೇಸ್–ನ್ಯೂಟ್ರಲ್ ಅದಲು ಬದಲಾಗಿದೆಯೇ, ಬರ್ನರ್ ಒಡಲಿಗೆ ಅರ್ಥ್ ವೈರ್ ನಿಜವಾಗಿ ಕಟ್ಟಿದೆಯೇ ಎಂಬುದು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಅಳೆದಾಗ ಒಂದೆರಡು ವೋಲ್ಟ್ ಬಂದರೆ ಸರಿ. ಹತ್ತಿಪ್ಪತ್ತು ಬಂದರೆ ದೋಷ ಕಟ್ಟಡದ ವೈರಿಂಗ್‌ನಲ್ಲಿದೆ. ಹೊಸ ಕಟ್ಟಡದಲ್ಲಿ ಕರೆಂಟ್ ಕನೆಕ್ಷನ್ ಬರುವ ಮೊದಲೇ ಡಿಜಿ ಸೆಟ್ (ಡೀಸೆಲ್ ಜನರೇಟರ್) ಮೇಲೆ ಬಾಯ್ಲರ್ ಓಡಿಸಿ ತೋರಿಸಿ ಎಂದು ಒತ್ತಾಯಿಸುವುದು ಮಾಮೂಲು. ಆ ಡಿಜಿಯ ನ್ಯೂಟ್ರಲ್ ಅರ್ಥ್ ಆಗಿಲ್ಲದಿದ್ದರೆ ಬರ್ನರ್ ಇದೇ ಆಟ ಆಡುತ್ತದೆ. ಆಗ ಕಂಟ್ರೋಲರ್ ಬದಲಿಸಿ ಸಾವಿರಾರು ರೂಪಾಯಿ ಕಳೆಯುವುದಕ್ಕೆ ಅರ್ಥವಿಲ್ಲ. ವೈರಿಂಗ್ ಸರಿಯಿದ್ದರೆ ಆಮೇಲೆ ಕಡ್ಡಿ ಬಾಗಿ ಲೋಹಕ್ಕೆ ತಾಗಿದೆಯೇ, ಪಿಂಗಾಣಿ ಸೀಳಿದೆಯೇ ನೋಡಿ.

ಡೀಸೆಲ್ ಬರ್ನರಿನಲ್ಲಿ ಕಣ್ಣು ಫೋಟೋಸೆಲ್‌ನದು. ಕರೆಂಟ್ ತೆಗೆದು, ಅದನ್ನು ಎಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ಪೂರ್ತಿ ಕೂರಿಸಿ. ಇದರ ಉಲ್ಟಾ ದೋಷವೂ ಇದೆ: ಫೋಟೋಸೆಲ್ ಸಡಿಲಿದ್ದು ಹೊರಗಿನ ಬೆಳಕು ಬಿದ್ದರೆ, ಹೊತ್ತಿಸುವ ಮೊದಲೇ "ಬೆಂಕಿ ಇದೆ" ಎಂದು ತಿಳಿದು ಬರ್ನರ್ ಲಾಕ್ ಆಗುತ್ತದೆ.

ಢಬ್ ಎಂದು ಹೊತ್ತಿಕೊಳ್ಳುತ್ತದೆ; ಕಪ್ಪು ಹೊಗೆ, ಚಿಮಣಿಯಲ್ಲಿ ಮಸಿ

ಮೊದಲ ಗಂಟೆಯಲ್ಲಿ ಬಣ್ಣ, ಎಣ್ಣೆ ಸುಡುವ ವಾಸನೆ ಮತ್ತು ತೆಳು ಬಿಳಿ ಹೊಗೆ ಸಹಜ. ಕಪ್ಪು ಹೊಗೆ ಸಹಜವಲ್ಲ. ಗಾಳಿ ಸಾಲುತ್ತಿಲ್ಲ ಅಥವಾ ಇಂಧನ ಹೆಚ್ಚಾಗಿದೆ. ಢಬ್ ಸದ್ದು ಇಂಧನ ತಡವಾಗಿ ಹೊತ್ತುತ್ತಿದೆ ಎಂಬ ಸೂಚನೆ. ಎರಡನೇ ಸಲವೂ ಢಬ್ ಎಂದರೆ ನಿಲ್ಲಿಸಿ, ಎಂಜಿನಿಯರ್ ಬರುವವರೆಗೆ ಮುಟ್ಟಬೇಡಿ.

ನೀವೇ ನೋಡಬಹುದಾದ್ದು ಇಷ್ಟು. ಚಿಮಣಿ ಬಾಯಿಯ ಪ್ಯಾಕಿಂಗ್ ಪ್ಲಾಸ್ಟಿಕ್, ಫ್ಲೂ (ಹೊಗೆ ಸಾಗುವ ಕೊಳವೆ) ಒಳಗಿನ ಮರದ ತುಂಡು ತೆಗೆದಿದ್ದಾರೆಯೇ? ಹೊಗೆ ದಾರಿಯ ಡ್ಯಾಂಪರ್ (ತಿರುಗಿಸಿ ಮುಚ್ಚುವ ತಗಡು) ತೆರೆದಿದೆಯೇ? ಕೋಣೆಗೆ ಮುಚ್ಚಲಾಗದ ಗಾಳಿಕಿಂಡಿ ಇದೆಯೇ? 100 ಕಿಲೋವ್ಯಾಟ್‌ನ ಡೀಸೆಲ್ ಬರ್ನರ್ ಗಂಟೆಗೆ ಸುಮಾರು 10 ಲೀಟರ್ ಉರಿಸುತ್ತದೆ, ಅದಕ್ಕೆ ಸುಮಾರು 120 ಘನ ಮೀಟರ್ ಗಾಳಿ ಬೇಕು. ಸೆಕೆ ಎಂದು ಅದೇ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದ್ದರೆ ಅದು ಬರ್ನರಿನ ಗಾಳಿಯನ್ನೇ ಕದಿಯುತ್ತದೆ, ಚಿಮಣಿಯ ಹೊಗೆಯನ್ನು ಒಳಗೆ ಎಳೆಯುತ್ತದೆ. ಆರಿಸಿ ನೋಡಿ, ಹೊಗೆ ತಿಳಿಯಾದರೆ ಕಾರಣ ಸಿಕ್ಕಿತು.

ಗ್ಯಾಸ್ ಬರ್ನರಿನಲ್ಲಿ ಮುಂದಿನ ಪ್ರಶ್ನೆ: ಇದು ಯಾವ ಗ್ಯಾಸಿಗೆ ಹೊಂದಿಸಿದ್ದು? ಒಂದೇ ಗಾತ್ರದ ಎಲ್‌ಪಿಜಿಯಲ್ಲಿ ಪಿಎನ್‌ಜಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ. ಪಿಎನ್‌ಜಿ ಲೈನ್ ಬರುವವರೆಗೆ ಸಿಲಿಂಡರ್‌ನಲ್ಲಿ ಓಡಿಸೋಣ ಎಂದು ಹೊಂದಾಣಿಕೆ ಬದಲಿಸದೆ ಜೋಡಿಸಿದರೆ ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಖಚಿತ. ಸಿಲಿಂಡರಿನ ಲೆಕ್ಕವನ್ನೂ ಹಾಕಿ. 100 ಕಿಲೋವ್ಯಾಟ್ ಎಂದರೆ ಗಂಟೆಗೆ ಸುಮಾರು 8 ಕಿಲೋ ಎಲ್‌ಪಿಜಿ. ಎರಡೇ 19 ಕಿಲೋ ಸಿಲಿಂಡರ್ ಇಟ್ಟರೆ ಅವುಗಳ ಮೈಮೇಲೆ ಹಿಮ ಕಟ್ಟಿ, ಒತ್ತಡ ಕುಸಿದು ಬರ್ನರ್ ಆರುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊತ್ತುತ್ತದೆ. ಸಿಲಿಂಡರಿಗೆ ಬಿಸಿನೀರು ಸುರಿಯುವುದು ಪರಿಹಾರವಲ್ಲ. ಮ್ಯಾನಿಫೋಲ್ಡ್‌ನಲ್ಲಿ ಸಿಲಿಂಡರ್ ಹೆಚ್ಚಿಸಬೇಕು, ಇಲ್ಲವೇ ಸಿಲಿಂಡರಿನಿಂದ ದ್ರವವಾಗಿಯೇ ಎಲ್‌ಪಿಜಿ ತೆಗೆದು ವೇಪರೈಸರ್‌ನಲ್ಲಿ ಅನಿಲ ಮಾಡುವ ಎಲ್‌ಒಟಿ ವ್ಯವಸ್ಥೆ ಬೇಕು.

ಊರಿನ ಎತ್ತರವನ್ನು ಕೇಳುವವರು ಕಡಿಮೆ, ಕೇಳಲೇಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಮಡಿಕೇರಿ 1,100ಕ್ಕೂ ಹೆಚ್ಚು. ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 12–13 ಕಡಿಮೆ. ಫ್ಯಾನ್ ಅಷ್ಟೇ ಗಾತ್ರದ ಗಾಳಿ ತಳ್ಳಿದರೂ ಅದರಲ್ಲಿ ಆಮ್ಲಜನಕ ಕಡಿಮೆ. ಡೀಸೆಲ್ ನಾಜಲ್ ಮಾತ್ರ ಅಷ್ಟೇ ಡೀಸೆಲ್ ಸುರಿಯುತ್ತದೆ. ಮಂಗಳೂರಿನಲ್ಲಿ ತಿಳಿಯಾಗಿ ಉರಿದ ಹೊಂದಾಣಿಕೆಯನ್ನೇ ಕೊಡಗಿನ ರೆಸಾರ್ಟಿಗೆ ಒಯ್ದರೆ ಹೊಗೆ ಬರುವುದು ಇದಕ್ಕೇ. ಬರ್ನರಿನ ಗಾಳಿ ಡ್ಯಾಂಪರ್ ಪೂರ್ತಿ ತೆರೆದರೂ ಸಾಲದಿದ್ದರೆ ಚಿಕ್ಕ ನಾಜಲ್ ಹಾಕಿ, ಅಷ್ಟರಮಟ್ಟಿಗೆ ಶಾಖ ಕಡಿಮೆಯೆಂದು ಒಪ್ಪಿಕೊಳ್ಳಬೇಕು.

ಜ್ವಾಲೆಯ ಬಣ್ಣ ನೋಡಿ ಗಾಳಿ ಹೊಂದಿಸುವ ಕಾಲ ಮುಗಿದಿದೆ. ಫ್ಲೂ ಗ್ಯಾಸ್ ಅನಲೈಸರ್ ತರದ ಎಂಜಿನಿಯರ್‌ನಿಂದ ಕಮಿಷನಿಂಗ್ ರಿಪೋರ್ಟ್ (ಬಾಯ್ಲರ್ ಚಾಲೂ ಮಾಡಿ ಒಪ್ಪಿಸುವ ವರದಿ) ತೆಗೆದುಕೊಳ್ಳಬೇಡಿ. ಫ್ಲೂನಲ್ಲಿ ಆಮ್ಲಜನಕ ಶೇ. 3–5, ಕಾರ್ಬನ್ ಮಾನಾಕ್ಸೈಡ್ 100 ಪಿಪಿಎಂ ಒಳಗೆ ಇದ್ದರೆ ಸಮಾಧಾನ.

ಬಾಯ್ಲರ್ ಕೆಳಗೆ, ಫ್ಲೂ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿದೆ

"ಟ್ಯೂಬ್ ಸೋರುತ್ತಿದೆ, ವಾಪಸ್ ಕಳಿಸಿ" ಎಂಬ ಜಗಳ ಶುರುವಾಗುವುದು ಇಲ್ಲಿ. ಹೆಚ್ಚಿನ ಸಲ ಅದು ಹೊಗೆಯೊಳಗಿನ ನೀರಾವಿ ತಣ್ಣನೆಯ ಉಕ್ಕಿಗೆ ತಾಗಿ ಹನಿಯಾದದ್ದು. 1 ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಗಂಟೆಗೆ 8 ಕಿಲೋ ಉರಿಸುವ ಬಾಯ್ಲರ್ 13 ಲೀಟರಿನಷ್ಟು ನೀರಾವಿಯನ್ನು ಚಿಮಣಿಗೆ ಕಳಿಸುತ್ತದೆ. ರಿಟರ್ನ್ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಅದರಲ್ಲೊಂದು ಭಾಗ ಒಳಗೇ ಇಳಿಯುತ್ತದೆ.

ಪರೀಕ್ಷೆ ಸುಲಭ. ಮೇಕಪ್ ವಾಲ್ವ್ ಮುಚ್ಚಿ, ಗೇಜಿನ ಅಂಕಿ ಬರೆದುಕೊಳ್ಳಿ, ಬಾಯ್ಲರ್ 65–70 ಡಿಗ್ರಿಗೆ ಬರಲಿ. ತೊಟ್ಟಿಕ್ಕುವುದು ನಿಂತರೆ ಹೊಗೆಯ ನೀರು. ಬಿಸಿಯಾದ ಮೇಲೂ ತೊಟ್ಟಿಕ್ಕುತ್ತಿದ್ದು, ಮರುದಿನ ತಣಿದಾಗ ಗೇಜ್ ಹಿಂದಿನ ಅಂಕಿಗಿಂತ ಕೆಳಗಿದ್ದರೆ ನಿಜವಾದ ಸೋರಿಕೆ. ಬಾಯ್ಲರ್ ನಿಲ್ಲಿಸಿ ಕಂಪನಿಯವರನ್ನು ಕರೆಸಿ.

ಮೊದಲ ದಿನ ಬಾಯ್ಲರ್, ಪೈಪು, ಕ್ಯಾಲೊರಿಫೈಯರ್ ಸೇರಿ 3,000 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ತರಲು 100 ಕಿಲೋವ್ಯಾಟ್ ಬಾಯ್ಲರ್‌ಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ರಿಟರ್ನ್ ತಣ್ಣಗೇ. ಕ್ಯಾಲೊರಿಫೈಯರ್ ವಾಲ್ವನ್ನು ಸ್ವಲ್ಪವೇ ತೆರೆದು, ಫ್ಲೋ ಸ್ವಿಚ್ ಬೀಳದಷ್ಟು ಹರಿವು ಉಳಿಸಿ, ಬಾಯ್ಲರ್ ಮೊದಲು ಬಿಸಿಯಾಗಲು ಬಿಡಿ. ಆಮೇಲೆ ಹಂತಹಂತವಾಗಿ ತೆರೆಯಿರಿ. ಎರಡು ಹಂತದ ಬರ್ನರ್ ಆದರೆ ಸಣ್ಣ ಉರಿಯಲ್ಲೇ ಶುರು ಮಾಡಿ. ಬಾಗಿಲಿನ ರಿಫ್ರ್ಯಾಕ್ಟರಿಯ (ಶಾಖ ತಡೆಯುವ ಗಾರೆಯ) ತೇವ ನಿಧಾನ ಆರಿದರೆ ಬಿರುಕು ಬಿಡುವುದಿಲ್ಲ. ದಿನನಿತ್ಯವೂ ತೊಟ್ಟಿಕ್ಕುತ್ತಿದ್ದರೆ ರಿಟರ್ನ್ ಬಿಸಿಯಿಡುವ ಮಿಕ್ಸಿಂಗ್ ವಾಲ್ವ್ ಅಥವಾ ಷಂಟ್ ಪಂಪ್ ಬೇಕು. ಆ ಹನಿ ಆಮ್ಲೀಯ, ಉಕ್ಕನ್ನು ತಿನ್ನುತ್ತದೆ. ಹೊಗೆಯ ನೀರಾವಿಯನ್ನು ಹನಿಯಾಗಿಸಿ ಅದರ ಶಾಖವನ್ನೂ ಬಳಸುವ ಕಂಡೆನ್ಸಿಂಗ್ ಬಾಯ್ಲರ್ ಮಾತ್ರ ಇದಕ್ಕೆ ಹೊರತು. ಅದನ್ನು ಮಾಡಿರುವುದೇ ಹಾಗೆ.

ಬಿಸಿಯಾದಂತೆ ಒತ್ತಡ ಏರಿ ಸೇಫ್ಟಿ ವಾಲ್ವ್ ಉಗುಳುತ್ತದೆ

ಸೇಫ್ಟಿ ವಾಲ್ವ್ ತನ್ನ ಕೆಲಸ ಮಾಡುತ್ತಿದೆ, ಅದನ್ನು ಬಿಗಿಯಬೇಡಿ, ಬಾಯಿಗೆ ಪ್ಲಗ್ ಹಾಕಬೇಡಿ. ಬಾಯ್ಲರಿಗೂ ಅದಕ್ಕೂ ನಡುವೆ ಯಾವ ವಾಲ್ವೂ ಇರಕೂಡದು. ಅದರ ಪೈಪ್ ಯಾರ ಮೈಮೇಲೂ ಬಿಸಿನೀರು ಬೀಳದಂತೆ ನೆಲದ ಕಡೆಗೆ ಇಳಿದಿರಬೇಕು.

ಮೊದಲು ಎಕ್ಸ್‌ಪಾನ್ಷನ್ ವೆಸೆಲ್‌ನ ವಾಲ್ವ್ ನೋಡಿ. ಒತ್ತಡ ಪರೀಕ್ಷೆಗೆಂದು ಮುಚ್ಚಿದವರು ತೆರೆಯಲು ಮರೆಯುತ್ತಾರೆ. ತೆರೆದೇ ಇದ್ದರೆ, ಬಾಯ್ಲರ್ ತಣಿದ ಮೇಲೆ ವೆಸೆಲ್‌ನ ನೀರು ಪೂರ್ತಿ ಇಳಿಸಿ, ಟೈರ್ ಗೇಜಿನಿಂದ ಗಾಳಿ ಒತ್ತಡ ಅಳೆಯಿರಿ. ನೀರಿದ್ದಾಗ ಅಳೆದ ಅಂಕಿಗೆ ಬೆಲೆಯಿಲ್ಲ. ಗಾಳಿ ಪಿನ್ ಒತ್ತಿದಾಗ ನೀರು ಬಂದರೆ ಒಳಗಿನ ರಬ್ಬರ್ ಹರಿದಿದೆ.

ಎಲ್ಲ ಸರಿಯಿದ್ದೂ ಉಗುಳಿದರೆ ವೆಸೆಲ್ ಚಿಕ್ಕದು. ನೀರು 20ರಿಂದ 80 ಡಿಗ್ರಿಗೆ ಹೋಗುವಾಗ ಸುಮಾರು ಶೇ. 2.7 ಹಿಗ್ಗುತ್ತದೆ, ಅಂದರೆ 1,000 ಲೀಟರಿಗೆ 27 ಲೀಟರ್. ಮೇಲೆ ಹೇಳಿದ 1.4 ಮತ್ತು 1.7 ಬಾರ್ ಅಂಕಿಗಳಲ್ಲಿ, 3 ಬಾರ್ ಸೇಫ್ಟಿ ವಾಲ್ವ್‌ಗೆ ಮುನ್ನ 2.7ರಲ್ಲಿ ನಿಲ್ಲಬೇಕಾದರೆ ಆ 1,000 ಲೀಟರಿಗೆ ಸುಮಾರು 112 ಲೀಟರಿನ ವೆಸೆಲ್ ಬೇಕು. ಅಲ್ಲಿ 50 ಲೀಟರಿನದು ಕೂತಿದ್ದರೆ ಯಾವ ರಿಪೇರಿಯೂ ಅದನ್ನು ಸರಿಮಾಡದು.

ಬಾಯ್ಲರ್ ಬೇಗ ಕಾದು ಆರುತ್ತದೆ, ಮೇಲಿನ ಕೋಣೆಗಳಲ್ಲಿ ತಣ್ಣೀರು

ಶಾಖ ಹುಟ್ಟುತ್ತಿದೆ, ಸಾಗುತ್ತಿಲ್ಲ. ಜೊತೆಗೆ ಬಾಯ್ಲರಿನೊಳಗೆ ಕುದಿಯುವ, ಗುಡುಗುವ ಸದ್ದು ಬಂದರೆ ತಕ್ಷಣ ಬರ್ನರ್ ಆರಿಸಿ, ಪಂಪ್ ಓಡುತ್ತಿರಲಿ.

ಹರಿವಿನ ಲೆಕ್ಕ ಹೀಗೆ: ಕಿಲೋವ್ಯಾಟನ್ನು 0.86ರಿಂದ ಗುಣಿಸಿ, ಹೋಗುವ–ಬರುವ ನೀರಿನ ಉಷ್ಣತೆಯ ವ್ಯತ್ಯಾಸದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 100 ಕಿಲೋವ್ಯಾಟ್, 20 ಡಿಗ್ರಿ ವ್ಯತ್ಯಾಸಕ್ಕೆ 4.3. ವ್ಯತ್ಯಾಸ 35–40 ಡಿಗ್ರಿ ಕಂಡರೆ ನೀರು ಅರ್ಧದಷ್ಟೇ ಹರಿಯುತ್ತಿದೆ. ಪಂಪಿನ ಮುಂದಿನ ವೈ ಸ್ಟ್ರೈನರ್ ತೆರೆದು ನೋಡಿ. ಮೊದಲ ದಿನ ಅದು ಕಸದಿಂದ ತುಂಬಿರುವುದೇ ಹೆಚ್ಚು. ಆಮೇಲೆ ಅರ್ಧ ಮುಚ್ಚಿದ ವಾಲ್ವ್, ತಿರುಗುಮುರುಗು ನಾನ್ ರಿಟರ್ನ್ ವಾಲ್ವ್, ಎತ್ತರದ ತಿರುವಿನಲ್ಲಿ ನಿಂತ ಗಾಳಿ. ಕ್ಯಾಲೊರಿಫೈಯರ್ ಬಿಸಿಯಿದ್ದು ನಲ್ಲಿ ಮಾತ್ರ ತಣ್ಣಗಿದ್ದರೆ ನಲ್ಲಿ ಕಡೆಯ ರಿಟರ್ನ್ ಪಂಪ್ ಓಡುತ್ತಿಲ್ಲ. ಸಂಗ್ರಹದ ನೀರು 60 ಡಿಗ್ರಿಗೆ ಬರಬೇಕು, ಇಲ್ಲದಿದ್ದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಹಾಗಾಗಿ ಸ್ನಾನದ ಕಡೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಇರಲಿ.

ಒಪ್ಪಿಸಿಕೊಳ್ಳುವ ಮೊದಲು

ಎಲ್ಲ ಸರಿ ಉರಿಯುತ್ತಿರುವಾಗ ಎಂಜಿನಿಯರ್ ಎದುರಿಗೇ ಒಂದೊಂದು ಸುರಕ್ಷಾ ಸಾಧನವನ್ನೂ ಬೇಕೆಂದೇ ಕೆಣಕಿಸಿ: ಪಂಪ್ ನಿಲ್ಲಿಸಿದರೆ ಬರ್ನರ್ ಆರಬೇಕು, ನೀರಿನ ಮಟ್ಟದ ಸ್ವಿಚ್ಚಿನ ಪರೀಕ್ಷಾ ಗುಂಡಿ ಒತ್ತಿದರೆ ಆರಬೇಕು, ಉರಿಯುವಾಗ ಫೋಟೋಸೆಲ್ ಎಳೆದರೆ ಅಥವಾ ಗ್ಯಾಸ್ ವಾಲ್ವ್ ಮುಚ್ಚಿದರೆ ಬರ್ನರ್ ಲಾಕ್ ಆಗಬೇಕು, ಹೈ ಲಿಮಿಟ್ ತನ್ನ ಅಂಕಿಗೆ ಬಂದಾಗ ಆರಿಸಿ, ಕೈಯಿಂದ ರೀಸೆಟ್ ಮಾಡುವವರೆಗೆ ಮತ್ತೆ ಹೊತ್ತಲು ಬಿಡಬಾರದು. ಆರದ ಒಂದು ಸಾಧನವಿದ್ದರೂ ಸಹಿ ಹಾಕಬೇಡಿ. ರಿಪೋರ್ಟಿನಲ್ಲಿ ತಣ್ಣಗಿನ ಮತ್ತು ಬಿಸಿಯ ಒತ್ತಡ, ಹೋಗುವ–ಬರುವ ಉಷ್ಣತೆ, ಫ್ಲೂ ಉಷ್ಣತೆ, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ನಾಜಲ್ ನಂಬರ್, ಪಂಪ್ ಅಥವಾ ಗ್ಯಾಸ್ ಒತ್ತಡ, ಮೇಕಪ್ ಮೀಟರಿನ ಅಂಕಿ ಬರೆಸಿಕೊಳ್ಳಿ. ಸ್ಟ್ರೈನರನ್ನು ಮೊದಲ ದಿನದ ಕೊನೆಗೊಮ್ಮೆ, ವಾರದ ಕೊನೆಗೊಮ್ಮೆ ತೆಗೆದು ತೊಳೆಯಿರಿ.